ಗಲಾಥಿಯಾ ತೀರದ ಹಕ್ಕಿಗಳ ಪರವಾಗಿ ಬೆಂಗಳೂರಿನ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ, ಗ್ರಾಮಾಂತರ. ಈ ನಾಲ್ಕೂ ಕ್ಷೇತ್ರಗಳಿಂದ ಆಯ್ಕೆಯಾಗಿ ಹೋದ ನಿಮಗೆಲ್ಲ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ನೀವು ಯಾವ ಪಕ್ಷದವರು ಅನ್ನುವುದು ಇಲ್ಲಿ ಮುಖ್ಯವಲ್ಲ. ರಸ್ತೆ, ನೀರು, ಮೆಟ್ರೊ ಬಗ್ಗೆಯೂ ಈ ಪತ್ರ ಅಲ್ಲ. ನಿಮ್ಮ ಕ್ಷೇತ್ರದಲ್ಲಿಲ್ಲದ ಒಂದು ಹಕ್ಕಿಯ ಬಗ್ಗೆ ಬರೆಯುತ್ತಿದ್ದೇನೆ. ಅದರ ಹೆಸರು ನಿಕೋಬಾರ್ ಮೆಗಾಪೋಡ್. ಗ್ರೇಟ್ ನಿಕೋಬಾರ್ ದ್ವೀಪದ ಗಲಾಥಿಯಾ ಕೊಲ್ಲಿಯ ದಡದಲ್ಲಿ ಅದು ಮೊಟ್ಟೆ ಇಡುವ ಕಾಡನ್ನು ಬಂದರಿಗಾಗಿ ಕೊಡಲಾಗಿದೆ. ಆ ದಡವನ್ನು ಬಿಟ್ಟುಬಿಡಿ ಎಂದು ನೀವು ಸಂಸತ್ತಿನಲ್ಲಿ ಕೇಳಬೇಕು. ನನ್ನ ಮನವಿ ಇಷ್ಟೇ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಅಲ್ಲಿಯ ವಿಷಯವನ್ನು ಬೆಂಗಳೂರಿನವರು ಯಾಕೆ ಕೇಳಬೇಕು? ಯಾಕೆಂದರೆ ಅಲ್ಲಿಯ ಪರವಾಗಿ ಕೇಳುವವರ ಸಂಖ್ಯೆ ತೀರಾ ಕಡಿಮೆ. ಅಂಡಮಾನ್ ಮತ್ತು ನಿಕೋಬಾರಿನ ಅಷ್ಟೂ ದ್ವೀಪಗಳಿಗೆ ಲೋಕಸಭೆಯಲ್ಲಿ ಇರುವುದು ಒಂದೇ ಒಂದು ಸ್ಥಾನ. ರಾಜ್ಯಸಭೆಯಲ್ಲಿ ಅದೂ ಇಲ್ಲ. ವಿಧಾನಸಭೆಯೂ ಇಲ್ಲ. ಕರ್ನಾಟಕಕ್ಕೆ ಲೋಕಸಭೆಯಲ್ಲೇ 28 ಸ್ಥಾನಗಳಿವೆ. ನಮ್ಮ ಒಂದು ಊರಿನ ಹೆಸರಲ್ಲೇ ನಾಲ್ವರಿದ್ದೀರಿ. ದೆಹಲಿಯಲ್ಲಿ ಒಂದು ದ್ವೀಪದ ಕಾಡಿನ ಬಗ್ಗೆ ತೀರ್ಮಾನ ಆಗುವಾಗ, ದನಿ ಜಾಸ್ತಿ ಇರುವವರು ಸ್ವಲ್ಪ ದನಿ ಕೊಡಬೇಕು ಅಲ್ವಾ?

ದ್ವೀಪಗಳು ನಮಗೆ ಅಷ್ಟೇನೂ ದೂರವೂ ಅಲ್ಲ. ದೇವನಹಳ್ಳಿಯಿಂದ ಪೋರ್ಟ್ ಬ್ಲೇರ್‌ಗೆ, ಅಂದರೆ ಈಗಿನ ಶ್ರೀ ವಿಜಯಪುರಂಗೆ, ನೇರ ವಿಮಾನದಲ್ಲಿ ಹೋಗಿ ಬರುವವರು ನಮ್ಮ ಬೀದಿಬೀದಿಯಲ್ಲಿ ಸಿಗುತ್ತಾರೆ. ಬೇಸಿಗೆ ರಜೆ ಬಂತೆಂದರೆ ಅಲ್ಲಿನ ಹ್ಯಾವ್‌ಲಾಕ್ ದ್ವೀಪದ ಫೋಟೊಗಳು ಶುರು. ಆದರೆ ಗ್ರೇಟ್ ನಿಕೋಬಾರ್ ಅಲ್ಲಿಂದಲೂ ಸುಮಾರು 500 ಕಿ.ಮೀ. ದಕ್ಷಿಣಕ್ಕಿದೆ. ದೇಶದ ದಕ್ಷಿಣದ ಕೊನೆಯ ತುದಿ ಇಂದಿರಾ ಪಾಯಿಂಟ್ ಇರುವುದು ಅಲ್ಲೇ. ಇಂಡೋನೇಷ್ಯಾದ ಸುಮಾತ್ರಾ ಅಲ್ಲಿಂದ 200 ಕಿ.ಮೀ.ಗಿಂತ ಹತ್ತಿರ. ಪ್ರವಾಸಿಗರು ಅಷ್ಟು ದೂರ ಹೋಗುವುದಿಲ್ಲ. ಹಾಗಾಗಿ ಅಲ್ಲಿ ಏನಾಗುತ್ತಿದೆ ಅನ್ನುವುದು ನಮ್ಮ ಕಣ್ಣಿಗೆ ಬೀಳುವುದೂ ಕಡಿಮೆ.

ಈ ಹಕ್ಕಿಯ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಪತ್ರ ಉದ್ದವಾದರೂ ದಯವಿಟ್ಟು ಓದಿ.

ನಿಕೋಬಾರ್ ಮೆಗಾಪೋಡ್ ಕಂದು ಬಣ್ಣದ ಹಕ್ಕಿ. ಗಾತ್ರ ಹೆಚ್ಚುಕಡಿಮೆ ನಾಟಿ ಕೋಳಿಯಷ್ಟು. ಕಾಲು ಮಾತ್ರ ದೊಡ್ಡದು, ಗಟ್ಟಿ. ಕಾಡಿನ ನೆಲದಲ್ಲೇ ಓಡಾಡಿಕೊಂಡು ಮೇಯುತ್ತದೆ. ಪ್ರಪಂಚದಲ್ಲಿ ನಿಕೋಬಾರ್ ದ್ವೀಪಗಳನ್ನು ಬಿಟ್ಟರೆ ಇದು ಬೇರೆಲ್ಲೂ ಇಲ್ಲ. ಇದರ ನೆಂಟರೆಲ್ಲ ಇರುವುದು ಪೂರ್ವಕ್ಕೆ, ಇಂಡೋನೇಷ್ಯಾ, ನ್ಯೂಗಿನಿ, ಆಸ್ಟ್ರೇಲಿಯಾ ಕಡೆ. ಅವರಿಂದೆಲ್ಲ ದೂರವಾಗಿ ಇದೊಂದು ನಮ್ಮ ಪಾಲಿಗೆ ಉಳಿದುಕೊಂಡಿದೆ.

ಇದು ಕಾವು ಕೊಡುವುದಿಲ್ಲ. ಮರಳು, ಮಣ್ಣು, ಹವಳದ ಚೂರು, ಉದುರಿದ ಎಲೆ, ಕಡ್ಡಿ ಎಲ್ಲವನ್ನೂ ಕಾಲಿನಿಂದ ಕೆದರಿ ಕೆದರಿ ಗುಡ್ಡೆ ಹಾಕುತ್ತದೆ. ಕೆಲವು ಗುಡ್ಡೆಗಳು ಮನುಷ್ಯನ ಸೊಂಟದ ಎತ್ತರಕ್ಕೂ ಬೆಳೆಯುತ್ತವೆ. ಹಳ್ಳಿಯ ತಿಪ್ಪೆಯನ್ನು ಕೆದಕಿದರೆ ಒಳಗೆ ಬೆಚ್ಚಗಿರುತ್ತದಲ್ಲ, ಹಾಗೆಯೇ ಈ ಗುಡ್ಡೆಯೊಳಗೂ ಎಲೆ ಕೊಳೆತು ಶಾಖ ಹುಟ್ಟುತ್ತದೆ. ಹಕ್ಕಿ ಅದರೊಳಗೆ ತೋಡಿ, ಒಂದು ಮೊಟ್ಟೆ ಇಟ್ಟು, ಮುಚ್ಚಿ ಹೋಗುತ್ತದೆ. ಕೆಲವು ದಿನ ಬಿಟ್ಟು ಬಂದು ಇನ್ನೊಂದು ಇಡುತ್ತದೆ. ಮೊಟ್ಟೆ ಕೋಳಿಮೊಟ್ಟೆಗಿಂತ ಬಹಳ ದೊಡ್ಡದು. ಮರಿ ಹೊರಬರಲು ಎರಡು ತಿಂಗಳಿಗೂ ಜಾಸ್ತಿ ಬೇಕು. ಬರುವಾಗ ಮೈತುಂಬ ಗರಿ ಇರುತ್ತದೆ. ತಾನೇ ಮಣ್ಣು ಅಗೆದುಕೊಂಡು ಮೇಲೆ ಬರುತ್ತದೆ. ಅಪ್ಪ ಅಮ್ಮನ ಮುಖವನ್ನೂ ನೋಡದೆ ಕಾಡಿಗೆ ಓಡುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಹಾರಲೂ ಬರುತ್ತದೆ.

ಈ ಗುಡ್ಡೆಗಳು ಒಂದು ವರ್ಷದ ಗೂಡಲ್ಲ. ಒಂದೇ ಗುಡ್ಡೆಯನ್ನು ವರ್ಷಗಟ್ಟಲೆ ಬಳಸುತ್ತವೆ, ಒಂದಕ್ಕಿಂತ ಹೆಚ್ಚು ಜೋಡಿಗಳು ಹಂಚಿಕೊಳ್ಳುವುದೂ ಉಂಟು. ಮರಳು, ಮಣ್ಣು, ಎಲೆ, ನೆರಳು, ತೇವ ಇಷ್ಟೂ ಹದವಾಗಿ ಸೇರುವ ಜಾಗ ಎಲ್ಲೆಂದರಲ್ಲಿ ಸಿಗುವುದಿಲ್ಲ. ಅದು ಸಿಗುವುದು ಕಡಲಿಗೆ ತೀರಾ ಹತ್ತಿರದ ಕಿರಿದಾದ ಕಾಡಿನ ಪಟ್ಟಿಯಲ್ಲಿ. ಬಂದರು ಕಟ್ಟುವವರಿಗೆ ಬೇಕಾಗಿರುವುದೂ ಅದೇ ಪಟ್ಟಿ.

ಇದೇ ಪಟ್ಟಿಗೆ 2004ರ ಡಿಸೆಂಬರ್ 26ರಂದು ಸುನಾಮಿ ಬಡಿಯಿತು. ಇಂದಿರಾ ಪಾಯಿಂಟ್‌ನಲ್ಲಿ ನೆಲ 4 ಮೀಟರ್‌ಗೂ ಹೆಚ್ಚು ಕುಸಿಯಿತು. ಅಲ್ಲಿನ ದೀಪಸ್ತಂಭದ ಬುಡ ಕಡಲಿನೊಳಗೆ ಹೋಯಿತು. ತೀರದ ಕಾಡು ಕೊಚ್ಚಿಹೋಯಿತು. ಮೆಗಾಪೋಡ್ ಹೆಸರನ್ನೇ ಇಟ್ಟು ಅಭಯಾರಣ್ಯ ಮಾಡಿದ್ದ ಪುಟ್ಟ ದ್ವೀಪವೊಂದು ಮುಳುಗಿತು. ಆಮೇಲೆ ಹೋಗಿ ನೋಡಿದ ವಿಜ್ಞಾನಿಗಳು ಈ ಹಕ್ಕಿಯ ಸಂಖ್ಯೆ ಮುಕ್ಕಾಲು ಪಾಲಿನ ಹತ್ತಿರ ಕುಸಿದಿದೆ ಎಂದರು. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ರವಿ ಶಂಕರನ್ ಸುನಾಮಿಗೆ ಮೊದಲೇ ಈ ದ್ವೀಪಗಳಲ್ಲಿ ನಡೆದಾಡಿ ಹಕ್ಕಿಯ ಲೆಕ್ಕ ಇಟ್ಟವರು. ಅವರು 2009ರಲ್ಲಿ ತೀರಿಕೊಂಡರು. ಅಂಥವರ ಹಳೆಯ ಲೆಕ್ಕ ಇದ್ದಿದ್ದರಿಂದ ಎಷ್ಟು ಕಳೆದುಕೊಂಡೆವು ಅಂತಾದರೂ ನಮಗೆ ಗೊತ್ತಾಯಿತು.

ಅಷ್ಟಾದರೂ ಹಕ್ಕಿ ಸೋಲಲಿಲ್ಲ. ತೀರದಲ್ಲಿ ಹೊಸ ಮರಳು ಬಂತು, ಗಿಡ ಬಂತು, ಕಾಡು ಬಂತು. ಉಳಿದ ಹಕ್ಕಿಗಳು ಮತ್ತೆ ಗುಡ್ಡೆ ಹಾಕಿದವು. ಕಡಲು ಒಂದು ಸಲ ಎಲ್ಲವನ್ನೂ ಕಿತ್ತುಕೊಂಡ ಮೇಲೂ ಅಲ್ಲೇ ಬದುಕು ಕಟ್ಟಿಕೊಂಡ ಹಕ್ಕಿಗೆ ಈಗ ನಾವು ಜಾಗ ಖಾಲಿ ಮಾಡು ಅನ್ನುತ್ತಿದ್ದೇವೆ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಯೋಜನೆಯ ವಿವರ ನಿಮಗೆ ಗೊತ್ತಿರುತ್ತದೆ, ಚುಟುಕಾಗಿ ಹೇಳುತ್ತೇನೆ. ಕಂಟೇನರ್ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಪಟ್ಟಣ. ಒಟ್ಟು 166 ಚದರ ಕಿ.ಮೀ. ಅದರಲ್ಲಿ 130 ಚದರ ಕಿ.ಮೀ. ಮಳೆಕಾಡು. 1997ರಿಂದ ವನ್ಯಜೀವಿ ಅಭಯಾರಣ್ಯವಾಗಿದ್ದ ಗಲಾಥಿಯಾ ಕೊಲ್ಲಿಯನ್ನು 2021ರ ಜನವರಿಯಲ್ಲಿ ಆ ಪಟ್ಟಿಯಿಂದ ತೆಗೆಯಲಾಯಿತು. 2022ರ ನವೆಂಬರ್‌ನಲ್ಲಿ ಪರಿಸರ ಅನುಮತಿ ಸಿಕ್ಕಿತು. ಎಷ್ಟು ಮರ ಹೋಗಬಹುದು ಎಂದು ಸಂಸತ್ತಿನಲ್ಲಿ ಕೇಳಿದಾಗ ಸರ್ಕಾರವೇ ಕೊಟ್ಟ ಅಂದಾಜು 9.64 ಲಕ್ಷ. ಬದಲಿಗೆ ಗಿಡ ನೆಡಲು ಗುರುತಿಸಿದ್ದು ಹರಿಯಾಣದಲ್ಲಿ. ಹರಿಯಾಣದಲ್ಲಿ ಗಿಡ ನೆಟ್ಟರೆ ಹರಿಯಾಣಕ್ಕೆ ಒಳ್ಳೆಯದು. ಮೆಗಾಪೋಡ್‌ಗೆ ಅದರಿಂದ ಏನೂ ಸಿಗುವುದಿಲ್ಲ.

ಗಲಾಥಿಯಾ ಕೊಲ್ಲಿಯಲ್ಲಿ ಬಳಕೆಯಲ್ಲಿರುವ 51 ಗುಡ್ಡೆಗಳಿವೆ, ಅದರಲ್ಲಿ ಸುಮಾರು 30 ಶಾಶ್ವತವಾಗಿ ನಾಶವಾಗುತ್ತವೆ ಎಂದು ಯೋಜನೆಯ ಪರಿಶೀಲನೆಯ ಕಡತಗಳಲ್ಲೇ ಇದೆ. ಇದಕ್ಕೆ ಪರಿಹಾರ ಅಂತ ಮೆಂಚಾಲ್ ಎಂಬ ದ್ವೀಪವನ್ನು ಮೆಗಾಪೋಡ್ ಅಭಯಾರಣ್ಯ ಮಾಡಿದ್ದಾರೆ. ಅದರ ವಿಸ್ತೀರ್ಣ 1.29 ಚದರ ಕಿ.ಮೀ. ನಮ್ಮ ಲಾಲ್‌ಬಾಗ್‌ಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮೆಂಚಾಲ್ ಉಳಿಯಲಿ, ಸಂತೋಷ. ಆದರೆ ಒಂದು ಜಾಗಕ್ಕೆ ಹೊಸ ಹೆಸರು ಕೊಟ್ಟ ಮಾತ್ರಕ್ಕೆ ಇನ್ನೊಂದು ಜಾಗದ ಹಕ್ಕಿ ಅಲ್ಲಿಗೆ ಹೋಗಿ ನೆಲೆಸುವುದಿಲ್ಲ. ಬಿಬಿಎಂಪಿ ಕಾಲದಿಂದಲೂ ನಾವು ಮರಗಳನ್ನು ಬೇರುಸಮೇತ ಕಿತ್ತು ಇನ್ನೊಂದು ಕಡೆ ನೆಟ್ಟಿದ್ದನ್ನು ನೋಡಿದ್ದೇವೆ. ಎಷ್ಟೋ ಮರಗಳು ಒಣಗಿ ನಿಂತಿದ್ದನ್ನೂ ನೋಡಿದ್ದೇವೆ. ಮೆಗಾಪೋಡ್‌ನ ಗುಡ್ಡೆ ಅಂದರೆ ಮಣ್ಣು, ಮರ, ಸೂಕ್ಷ್ಮಜೀವಿ, ಕಡಲ ಗಾಳಿ ಎಲ್ಲ ಸೇರಿ ಆದದ್ದು. ಲಾರಿಯಲ್ಲಿ ತುಂಬಿಕೊಂಡು ಹೋಗುವ ವಸ್ತು ಅಲ್ಲ.

ಇನ್ನು ವಲಸೆ ಹಕ್ಕಿಗಳು. ಇಲ್ಲಿ ನಿಮ್ಮ ಕ್ಷೇತ್ರಗಳೂ ಬರುತ್ತವೆ.

ನಾನು ಹೆಬ್ಬಾಳ ಕೆರೆಯ ಹತ್ತಿರ ಇರುವವನು. ಗಣೇಶ ಹಬ್ಬದ ಆಸುಪಾಸಿಗೆ ಬೂದು ಸಿಪಿಲೆ ಬಂದಿತೆಂದರೆ ನಮ್ಮಂಥವರಿಗೆ ಚಳಿಗಾಲ ಶುರುವಾದ ಹಾಗೆ. ಬಾಲ ಕುಣಿಸುತ್ತ ನೀರಿನಂಚಿನಲ್ಲಿ ಓಡುವ ಆ ಹಳದಿ ಹೊಟ್ಟೆಯ ಹಕ್ಕಿ ಹಿಮಾಲಯದ ಕಡೆಯಿಂದ ಬಂದಿರುತ್ತದೆ. ಹಿಂದೆಯೇ ಕಂದು ಕಳಿಂಗ ಬರುತ್ತದೆ, ಸೈಬೀರಿಯಾ, ಮಂಗೋಲಿಯಾ, ಚೀನಾ ಕಡೆಯಿಂದ. ಅಂಬರಗುಬ್ಬಿಗಳು ತಂತಿ ಮೇಲೆ ಸಾಲಾಗಿ ಕೂರುತ್ತವೆ. ಇದೇ ಜಾತಿಯ ಹಕ್ಕಿಗಳು ಅದೇ ತಿಂಗಳುಗಳಲ್ಲಿ ಅಂಡಮಾನ್ ನಿಕೋಬಾರಿಗೂ ಇಳಿಯುತ್ತವೆ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಅದೃಷ್ಟ ಇದ್ದರೆ ಕಾಣುವ ಕಾಡು ಸಿಪಿಲೆ ಆ ದ್ವೀಪಗಳ ಕಾಡಿನಲ್ಲೂ ಚಳಿಗಾಲ ಕಳೆಯುತ್ತದೆ. ಒಂದೇ ಊರಿನಿಂದ ಹೊರಟವರಲ್ಲಿ ಕೆಲವರು ನಮ್ಮ ಮನೆಗೆ, ಕೆಲವರು ಅವರ ಮನೆಗೆ.

ಆದರೆ ದ್ವೀಪಕ್ಕೆ ಬರುವವರ ಪಾಡು ಬೇರೆ. ಹೆಬ್ಬಾಳ ಕೆರೆ ಕೆಟ್ಟರೆ ಹಕ್ಕಿ ಜಕ್ಕೂರಿಗೆ ಹೋಗಬಹುದು, ಜಕ್ಕೂರು ಕೆಟ್ಟರೆ ಹೆಸರಘಟ್ಟಕ್ಕೆ. ಕಡಲಿನ ನಡುವೆ ಹಾಗಾಗುವುದಿಲ್ಲ. ಪೆಸಿಫಿಕ್ ಗೋಲ್ಡನ್ ಪ್ಲೋವರ್ ಅನ್ನುವ ಹಕ್ಕಿ ನಿಕೋಬಾರಿನ ತೀರಕ್ಕೆ ಬರುತ್ತದೆ. ಇದು ಮೊಟ್ಟೆ ಇಡುವುದು ಸೈಬೀರಿಯಾ ಮತ್ತು ಅಲಾಸ್ಕಾದ ಹಿಮಬಯಲುಗಳಲ್ಲಿ. ಇದೇ ಜಾತಿಯ ಹಕ್ಕಿಗಳು ಅಲಾಸ್ಕಾದಿಂದ ಹವಾಯಿಗೆ ಕಡಲ ಮೇಲೆ ಎಲ್ಲೂ ಇಳಿಯದೆ ಮೂರು ನಾಲ್ಕು ದಿನ ಹಾರಿ 4,000 ಕಿ.ಮೀ.ಗೂ ಹೆಚ್ಚು ದೂರ ದಾಟುತ್ತವೆ. ಅಂಥ ಹಕ್ಕಿ ನೆಲ ಮುಟ್ಟುವಾಗ ಮೈಯ ಕೊಬ್ಬೆಲ್ಲ ಕರಗಿರುತ್ತದೆ. ಇಳಿದ ಕೂಡಲೇ ಕೆಸರಿನಲ್ಲಿ, ಮರಳಿನಲ್ಲಿ ಹುಳು, ಏಡಿ ಸಿಗಬೇಕು. ಅಲ್ಲಿ ಕಾಂಕ್ರೀಟ್ ಗೋಡೆ ಇದ್ದರೆ ಅದು ಎಲ್ಲಿಗೆ ಹೋಗಬೇಕು? ಪೂರ್ವ ಏಷ್ಯಾದಿಂದ ಆಸ್ಟ್ರೇಲಿಯಾವರೆಗಿನ ಈ ಹಾರುದಾರಿಯಲ್ಲಿ ತೀರದ ಹಕ್ಕಿಗಳು ಈಗಾಗಲೇ ಕಡಿಮೆಯಾಗುತ್ತಿವೆ. ಚೀನಾ, ಕೊರಿಯಾ ನಡುವಿನ ಹಳದಿ ಸಮುದ್ರದ ಕೆಸರು ಬಯಲುಗಳನ್ನು ತುಂಬಿ ಕಾರ್ಖಾನೆ, ಬಂದರು ಕಟ್ಟಿದ್ದು ಅದಕ್ಕೆ ದೊಡ್ಡ ಕಾರಣ. ಅವರು ಮಾಡಿದ್ದನ್ನೇ ನಾವೂ ಮಾಡಬೇಕಾ?

2020ರ ಫೆಬ್ರವರಿಯಲ್ಲಿ ಗಾಂಧಿನಗರದಲ್ಲಿ ವಲಸೆ ಜೀವಿಗಳ ಬಗ್ಗೆ ವಿಶ್ವಸಂಸ್ಥೆಯ ಸಮ್ಮೇಳನ ನಡೆಯಿತು. ವಲಸೆ ಜೀವಿಗಳು ಭೂಮಿಯನ್ನು ಬೆಸೆಯುತ್ತವೆ, ನಾವು ಅವುಗಳನ್ನು ಮನೆಗೆ ಸ್ವಾಗತಿಸುತ್ತೇವೆ ಎಂಬುದೇ ಅದರ ಘೋಷಣೆಯಾಗಿತ್ತು. ನಮ್ಮ ದೇಶವೇ ಆತಿಥ್ಯ ವಹಿಸಿತ್ತು. ಒಂದು ವರ್ಷ ಕಳೆಯುವ ಮೊದಲೇ ಗಲಾಥಿಯಾ ಅಭಯಾರಣ್ಯ ಹೋಯಿತು. ಕರೆದವರು ನಾವು. ಬಂದವರಿಗೆ ಇಳಿಯಲು ಜಾಗ ಇಡಬೇಕಾದವರೂ ನಾವೇ.

ದ್ವೀಪದ ಹಕ್ಕಿಗಳ ವಿಷಯದಲ್ಲಿ ಇನ್ನೊಂದು ಅಪಾಯ ಇದೆ, ಅದರ ಬಗ್ಗೆ ಯಾರೂ ಸಾಕಷ್ಟು ಮಾತಾಡುತ್ತಿಲ್ಲ. ಬಂದರಿಗೆ ಹಡಗು ಬರುವಾಗ ಸಾಮಾನು ಮಾತ್ರ ಬರುವುದಿಲ್ಲ. ಇಲಿ ಬರುತ್ತದೆ, ಹಾವು ಬರುತ್ತದೆ, ಕಂಡುಕೇಳರಿಯದ ಹುಳು ಬರುತ್ತದೆ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪಕ್ಕೆ ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಸರಕಿನ ಜೊತೆ ಒಂದು ಜಾತಿಯ ಮರಹಾವು ಬಂತು. ಕೆಲವೇ ದಶಕಗಳಲ್ಲಿ ಅಲ್ಲಿನ ಕಾಡಿನ ಹಕ್ಕಿಗಳನ್ನು ಹೆಚ್ಚುಕಡಿಮೆ ಮುಗಿಸಿಬಿಟ್ಟಿತು. ಮಾರಿಷಸ್‌ನ ಡೋಡೋ ಕಥೆ ಮಕ್ಕಳಿಗೂ ಗೊತ್ತು. ಡಚ್ಚರ ಹಡಗುಗಳು 1598ರಲ್ಲಿ ಬಂದವು. ಶತಮಾನ ಕಳೆಯುವಷ್ಟರಲ್ಲಿ ಡೋಡೋ ಇರಲಿಲ್ಲ. ಆ ಡೋಡೋಗೆ ಈಗ ಬದುಕಿರುವ ಅತಿ ಹತ್ತಿರದ ಸಂಬಂಧಿ ಯಾವುದು ಗೊತ್ತಾ? ನಿಕೋಬಾರ್ ಪಾರಿವಾಳ. ಹಸಿರು, ತಾಮ್ರ, ನೀಲಿ ಬಣ್ಣ ಹೊಳೆಯುವ ಗರಿಗಳು, ಪುಟ್ಟ ಬಿಳಿ ಬಾಲ. ಅದು ಕೂಡ ಇದೇ ದ್ವೀಪಗಳ ಹಕ್ಕಿ. ಜೊತೆಗೆ ನಿಕೋಬಾರ್ ಗಿಳಿ, ನಿಕೋಬಾರ್ ಪಿಕಳಾರ, ಗ್ರೇಟ್ ನಿಕೋಬಾರ್ ಹಾವುಗಿಡುಗ. ಕೆಲವಕ್ಕಂತೂ ಬೇರೆ ದೇಶದಲ್ಲಿ ನೆಲೆಯೇ ಇಲ್ಲ.

ಈಗ ದ್ವೀಪದಲ್ಲಿರುವವರು ಸುಮಾರು 8,000 ಜನ. ಯೋಜನೆಯ ಲೆಕ್ಕದ ಪ್ರಕಾರ ಮೂರು ದಶಕಗಳಲ್ಲಿ ಅದು ಮೂರೂವರೆ ಲಕ್ಷ ಆಗುತ್ತದೆ. ಊರು ಹೀಗೆ ಬೆಳೆದರೆ ಏನಾಗುತ್ತದೆ ಅಂತ ಬೆಂಗಳೂರಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಸ ಎಲ್ಲಿ ಹಾಕುವುದು, ಕೊಳಚೆ ನೀರು ಎಲ್ಲಿ ಬಿಡುವುದು, ಕಸದ ಹಿಂದೆ ಬರುವ ನಾಯಿ, ಬೆಕ್ಕು, ಕಾಗೆ. ನೆಲದಲ್ಲಿ ಮೊಟ್ಟೆ ಇಟ್ಟು ಹೋಗುವ ಹಕ್ಕಿಗೆ ನಾಯಿ, ಬೆಕ್ಕು ಅಂದರೆ ಸಾವು. ನಾವು ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿದ್ದನ್ನು ನೋಡಿದ ಊರಿನವರು. ಆ ಅನುಭವ ಇರುವ ನಮ್ಮ ಪ್ರತಿನಿಧಿಗಳು ಈ ಪ್ರಶ್ನೆ ಕೇಳಿದರೆ ಅದಕ್ಕೊಂದು ತೂಕ ಇರುತ್ತದೆ.

ಅಲ್ಲಿಯ ಮೂಲ ನಿವಾಸಿಗಳಾದ ಶೋಂಪೆನ್ ಮತ್ತು ನಿಕೋಬಾರಿ ಜನರ ವಿಷಯ ಇದಕ್ಕಿಂತ ದೊಡ್ಡದು. ಅಲ್ಲಿನ ಬುಡಕಟ್ಟು ಮಂಡಳಿ ಯೋಜನೆಗೆ ತಾನು ಕೊಟ್ಟಿದ್ದ ಒಪ್ಪಿಗೆಯನ್ನು 2022ರ ನವೆಂಬರ್‌ನಲ್ಲಿ ಪತ್ರ ಬರೆದು ವಾಪಸ್ ಪಡೆಯಿತು. ಆ ಪತ್ರವನ್ನು ದಯವಿಟ್ಟು ತರಿಸಿ ಓದಿ. ಅವರ ಪರವಾಗಿ ನಾನು ಮಾತಾಡುವುದಕ್ಕಿಂತ ಅವರ ಮಾತನ್ನೇ ನೀವು ಕೇಳುವುದು ಸರಿ.

ದೇಶದ ರಕ್ಷಣೆಯ ಮಾತು ಬಂದೇ ಬರುತ್ತದೆ. ಹಡಗುಗಳ ಮುಖ್ಯ ದಾರಿಯಾದ ಮಲಾಕ್ಕಾ ಜಲಸಂಧಿಯ ಬಾಯಿ ಅಲ್ಲೇ ಹತ್ತಿರದಲ್ಲಿದೆ. ಅಲ್ಲಿ ನಮ್ಮ ಕಣ್ಣು ಇರಲೇಬೇಕು, ಒಪ್ಪುತ್ತೇನೆ. ಇದೇ ದ್ವೀಪದ ಕ್ಯಾಂಪ್‌ಬೆಲ್ ಬೇನಲ್ಲಿ ನೌಕಾಪಡೆಯ ಐಎನ್ಎಸ್ ಬಾಜ್ ನೆಲೆ 2012ರಿಂದ ಇದೆ. ಅದನ್ನು ಬಲಪಡಿಸಲು ಯಾರೂ ಅಡ್ಡ ಬರುವುದಿಲ್ಲ. ಆದರೆ ಕಂಟೇನರ್ ವ್ಯಾಪಾರದ ಬಂದರು ಬೇರೆ, ಮೂರೂವರೆ ಲಕ್ಷ ಜನರ ಪಟ್ಟಣ ಬೇರೆ, ಸೈನ್ಯದ ಅಗತ್ಯ ಬೇರೆ. ಮೂರನ್ನೂ ಒಂದೇ ಗಂಟು ಕಟ್ಟಿ ಮುಂದಿಟ್ಟಾಗ ಬಿಡಿಸಿ ನೋಡಬೇಕಾದವರು ಸಂಸದರು. ಭೂಕಂಪಕ್ಕೆ 4 ಮೀಟರ್ ಕುಸಿದ ನೆಲದ ಮೇಲೆ ಇಷ್ಟು ಹಣ, ಇಷ್ಟು ಜನ ಇಡುವುದು ಸುರಕ್ಷಿತವಾ ಅನ್ನುವುದೂ ರಕ್ಷಣೆಯ ಪ್ರಶ್ನೆಯೇ.

ಬೆಂಗಳೂರಿಗೆ ಇಂಥ ಮಾತು ಹೊಸದಲ್ಲ. 2016ರ ಅಕ್ಟೋಬರ್‌ನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಎಂದು ಸಾವಿರಾರು ಜನ ಕೈ ಕೈ ಹಿಡಿದು ಬಸವೇಶ್ವರ ವೃತ್ತದಿಂದ ಹೆಬ್ಬಾಳದ ದಾರಿಯುದ್ದಕ್ಕೂ ನಿಂತರು. ಹೋಗಬೇಕಿದ್ದದ್ದು 812 ಮರ. 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ಟರು. ಹೆಸರಘಟ್ಟದ ಹುಲ್ಲುಗಾವಲಿಗೆ ಸಂರಕ್ಷಣೆ ಬೇಡ ಎಂದು ಒಮ್ಮೆ ತಳ್ಳಿಹಾಕಿದ್ದರು. ಹಕ್ಕಿ ನೋಡುವವರು, ಊರಿನವರು ಬಿಡಲಿಲ್ಲ. 2024ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಒಮ್ಮೆ ಆದ ತೀರ್ಮಾನ ಬದಲಾಗುವುದಿಲ್ಲ ಅನ್ನುವುದು ಸುಳ್ಳು.

ಇನ್ನೂ ಹಿಂದೆ ಹೋದರೆ ರಂಗನತಿಟ್ಟು ಇದೆ. 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದಾಗ ನೀರಿನ ನಡುವೆ ಉಳಿದ ಪುಟ್ಟ ಪುಟ್ಟ ನಡುಗಡ್ಡೆಗಳು ಅವು. ಹಕ್ಕಿಗಳು ತಾವಾಗಿಯೇ ಬಂದು ಗೂಡು ಕಟ್ಟಿದವು. ಸಲೀಂ ಅಲಿ ನೋಡಿ ಹೇಳಿದರು, 1940ರಲ್ಲಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮ ಮಾಡಿತು. ಕೊಕ್ಕರೆ ಬೆಳ್ಳೂರಿನ ಜನ ತಮ್ಮ ಹಿತ್ತಲಿನ ಹುಣಸೆಮರಗಳನ್ನೇ ಹೆಜ್ಜಾರ್ಲೆಗಳಿಗೆ ಬಿಟ್ಟುಕೊಟ್ಟರು. ಗೂಡು ಇರುವ ಮರದಿಂದ ಫಸಲು ಕಡಿಮೆ ಆಗುತ್ತದೆಂದು ಗೊತ್ತಿದ್ದೂ ಬಿಟ್ಟುಕೊಟ್ಟರು. ಹಕ್ಕಿಗಾಗಿ ಒಂದು ತುಂಡು ಜಾಗ ಬಿಡುವುದನ್ನು ಈ ನಾಡು ಮಾಡಿ ತೋರಿಸಿದೆ. ಆ ನಾಡಿನಿಂದ ಹೋದವರು ನೀವು.

ಮುಂದಿನ ಅಧಿವೇಶನದಲ್ಲಿ ಕೇಳಲು ನಾಲ್ಕು ಪ್ರಶ್ನೆ ಕೊಡುತ್ತಿದ್ದೇನೆ. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನ ಮೊದಲು ಸೂಚನೆ ಕೊಡಬೇಕು ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಗಲಾಥಿಯಾ ಕೊಲ್ಲಿಯಲ್ಲಿ ಇವತ್ತಿನ ಲೆಕ್ಕಕ್ಕೆ ಎಷ್ಟು ಮೆಗಾಪೋಡ್ ಗುಡ್ಡೆಗಳು ಬಳಕೆಯಲ್ಲಿವೆ, ಎಣಿಸಿದವರು ಯಾರು, ಯಾವ ತಿಂಗಳಲ್ಲಿ ಎಣಿಸಿದರು? ಮೆಂಚಾಲ್‌ನಲ್ಲಿ ಎಷ್ಟಿವೆ, ಅಲ್ಲಿ ಇನ್ನೂ ಎಷ್ಟು ಹಕ್ಕಿಗಳಿಗೆ ಜಾಗ ಇದೆ? ವರ್ಷದ ಹನ್ನೆರಡೂ ತಿಂಗಳು ತೀರಕ್ಕೆ ಬರುವ ವಲಸೆ ಹಕ್ಕಿಗಳ ಸಮೀಕ್ಷೆ ಆಗಿದೆಯಾ, ಆಗಿದ್ದರೆ ವರದಿ ಎಲ್ಲಿ? ಬಂದರಿನ ಮೂಲಕ ಇಲಿ, ಹಾವು, ನಾಯಿ, ಬೆಕ್ಕು ಕಾಡು ಸೇರದಂತೆ ತಡೆಯುವ ಯೋಜನೆ ಏನು, ಅದರ ಹೊಣೆ ಯಾರದು?

ಇಷ್ಟಕ್ಕೂ ಉತ್ತರ ಜನರ ಮುಂದೆ ಬರುವವರೆಗೆ ತೀರದ ಕಾಡಿಗೆ ಕೊಡಲಿ ಬೀಳಬಾರದು ಎಂದು ಒತ್ತಾಯಿಸಿ. ಕೊಲ್ಲಿಯ ದಡದ ಆ ಪಟ್ಟಿಯನ್ನು ಯೋಜನೆಯಿಂದ ಹೊರಗಿಟ್ಟು ಮತ್ತೆ ಅಭಯಾರಣ್ಯ ಮಾಡಬೇಕು ಎಂದು ಕೇಳಿ. ನಾಲ್ವರೂ ಸೇರಿ ಒಂದೇ ಪತ್ರಕ್ಕೆ ಸಹಿ ಹಾಕಿ ಪರಿಸರ ಸಚಿವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಹಕ್ಕಿಗಳ ವಿಷಯದಲ್ಲಿ ಪಕ್ಷ ಮರೆತು ಜೊತೆಯಾದರೆ ನಿಮ್ಮ ಮತದಾರರು ಯಾರೂ ಬೇಡ ಅನ್ನುವುದಿಲ್ಲ.

ಇದನ್ನು ಓದುವ ಉಳಿದವರಲ್ಲೂ ಒಂದು ಮಾತು. ನಿಮ್ಮ ಸಂಸದರ ವಿಳಾಸ ಲೋಕಸಭೆಯ ಜಾಲತಾಣದಲ್ಲಿ ಸಿಗುತ್ತದೆ. ಮೇಲಿನ ನಾಲ್ಕು ಪ್ರಶ್ನೆಗಳನ್ನು ನಿಮ್ಮ ಹೆಸರಿನಲ್ಲೇ ಕಳಿಸಿ. ಕನ್ನಡದಲ್ಲೇ ಕಳಿಸಿ. ಮೈಸೂರು, ಶಿವಮೊಗ್ಗ, ಕಲಬುರಗಿಯವರೂ ಕಳಿಸಿ. ಉತ್ತರ ಬಂದರೆ ಎಲ್ಲರಿಗೂ ಕಾಣುವ ಹಾಗೆ ಹಂಚಿಕೊಳ್ಳಿ. ಬಾರದಿದ್ದರೆ ಒಂದು ತಿಂಗಳು ಬಿಟ್ಟು ಮತ್ತೆ ಕಳಿಸಿ.

ಇಂತಿ,
ಬೆಂಗಳೂರು ಉತ್ತರ ಕ್ಷೇತ್ರದ ಒಬ್ಬ ಮತದಾರ
ಹೆಬ್ಬಾಳ, ಬೆಂಗಳೂರು